ಊರ ಚಪ್ಪರಕ್ಕೆ ಹೋದ ಗಳಗಳು

ನೀರಿನ ಟ್ಯಾಂಕಿನ ತಳದ ಸ್ಲ್ಯಾಬು ಹಾಕುವ ದಿನ ಕೆಲಸವನ್ನು ನಡುವೆ ನಿಲ್ಲಿಸುವಂತಿಲ್ಲ. ಮೊದಲು ಬಿದ್ದ ಕಾಂಕ್ರೀಟು ಗಟ್ಟಿಯಾಗುವುದರೊಳಗೆ ಅದರ ಪಕ್ಕದ್ದು ಬೀಳಬೇಕು. ಊಟಕ್ಕೆಂದು ಎಲ್ಲರೂ ಒಟ್ಟಿಗೆ ಇಳಿದರೆ ಅಲ್ಲೊಂದು ಗೆರೆ ಉಳಿದುಬಿಡುತ್ತದೆ. ಮುಂದೆ ನೀರು ಆ ಗೆರೆಯನ್ನೇ ಹುಡುಕಿಕೊಂಡು ಹೋಗಿ ಸೋರುತ್ತದೆ. ಆ ದಿನ ಬಿಳಿಚೋಡು ಕಡೆಯಿಂದ ಬಂದಿದ್ದ ಹೆಂಗಸರು ಮರದ ಅಟ್ಟಣೆಯ ಮೇಲೆ ಸಾಲಾಗಿ ನಿಂತು, ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸಿ, ಸರದಿಯ ಮೇಲೆ ಇಳಿದು ಉಂಡು ಮತ್ತೆ ಹತ್ತಿದರು. ಬೆಳಕಿರುವಾಗಲೇ ಸ್ಲ್ಯಾಬು ಮುಗಿಯಿತು. ಕೆಳಗೆ ಇಳಿದು ಬಂದ ನನ್ನ ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಇನ್ನು ಇದು ಮೂರು ವಾರದ ಬಾಣಂತಿ. ಯಾರೂ ಮುಟ್ಟಂಗಿಲ್ಲ" ಎಂದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಸೆಂಟ್ರಿಂಗ್ ಮೇಸ್ತ್ರಿ. ಅಂದರೆ ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಲ್ಲುವ ಹಲಗೆ, ಗಳಗಳನ್ನು ಕಟ್ಟುವವರು. ಮೂಲತಃ ಕೆರೆಬಿಳಚಿಯವರು, ಸಂಸಾರ ಸಂತೇಬೆನ್ನೂರಿನಲ್ಲಿ. ನಾನು ಟ್ಯಾಂಕು ಕಟ್ಟುತ್ತಿದ್ದ ಊರಿನ ಪುರಸಭೆಯ ಕಾಮಗಾರಿಗಳನ್ನು ನೋಡಿಕೊಳ್ಳುವ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದೆ. ಭಾವನನ್ನು ಕೆಲಸಕ್ಕೆ ಕರೆತಂದದ್ದು ಗುತ್ತಿಗೆದಾರ, ನಾನಲ್ಲ. ಆದರೆ ನೆಂಟಸ್ತನ ಊರಿಗೆಲ್ಲ ಗೊತ್ತಿತ್ತು. ಇದು ಎಪ್ಪತ್ತರ ದಶಕದ ಕೊನೆಯ ಮಾತು. ಊರಿನ ಹೆಸರು ಬರೆಯುವುದಿಲ್ಲ. ಚನ್ನಗಿರಿಯಿಂದ ಜಗಳೂರಿನವರೆಗಿನ ಸೀಮೆಯಲ್ಲಿ ಅದೂ ಒಂದು ಎಂದುಕೊಂಡರೆ ಸಾಕು. ಆಗಿನವರು ಬಹಳ ಜನ ಉಳಿದಿಲ್ಲ, ಉಳಿದವರ ಮಕ್ಕಳು ಅಲ್ಲೇ ಇದ್ದಾರೆ. ಅಕ್ಕ ಹೋದ ತಿಂಗಳು ತೀರಿಕೊಂಡಳು. ಅವಳಿರುವಾಗ ಇದನ್ನು ಬರೆಯುವ ಮನಸ್ಸಾಗಿರಲಿಲ್ಲ.

ಟ್ಯಾಂಕು ಆರು ಕಂಬಗಳ ಮೇಲೆ ನಿಲ್ಲುವಂಥದ್ದು. ನೆಲದಿಂದ ತಳದ ಸ್ಲ್ಯಾಬಿನವರೆಗೆ ಒಂದೇ ಉದ್ದದ ಗಳ ಎಲ್ಲಿಯೂ ಸಿಗುವುದಿಲ್ಲ. ಅದಕ್ಕಾಗಿ ಮೂರು ಅಂತಸ್ತಾಗಿ ನಿಲ್ಲಿಸುತ್ತಾರೆ. ನೆಲದ ಮೇಲೆ ಒಂದು ಸಾಲು ಗಳ, ಅವುಗಳ ತಲೆಯ ಮೇಲೆ ಅಡ್ಡ ತೊಲೆ ಮತ್ತು ಹಲಗೆ, ಅದರ ಮೇಲೆ ಎರಡನೆಯ ಸಾಲು, ಮತ್ತೆ ಹಲಗೆ, ಮತ್ತೆ ಮೂರನೆಯ ಸಾಲು. ಮೇಲಿನ ಗಳ ಕೆಳಗಿನ ಗಳದ ನೇರಕ್ಕೇ ಬರಬೇಕು. ಪ್ರತಿ ಗಳದ ಬುಡದಲ್ಲಿ ಎರಡು ಮರದ ಬೆಣೆ ಎದುರುಬದುರಾಗಿ ಇರುತ್ತವೆ. ಅವನ್ನು ಬಡಿದರೆ ಗಳ ಒಂದಿಷ್ಟು ಮೇಲೇರಿ ಬಿಗಿಯಾಗುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಹಸಿ ಸ್ಲ್ಯಾಬಿನ ಭಾರವೆಲ್ಲ ಕೊನೆಗೆ ನೆಲದ ಮೇಲಿನ ಆ ಬೆಣೆಗಳ ಮೇಲೆ ಬಂದು ಕೂರುತ್ತದೆ.

ನಮ್ಮ ಗಳಗಳು ನ್ಯಾಮತಿ ಕಡೆಯಿಂದ ಬಂದವು. ಮರಳು ಹೊನ್ನಾಳಿಯ ಹೊಳೆಯದು. ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ಕಾಲ. ಮೂರೂ ಒಂದೇ ಸಲ ಕೂಡಿಬರಲು ತಿಂಗಳುಗಟ್ಟಲೆ ಕಾದಿದ್ದೆವು. ಸ್ಲ್ಯಾಬು ಹಾಕಿದ ಮೇಲೆ ಅದಕ್ಕೆ ನೀರುಣಿಸುವುದು ಇನ್ನೊಂದು ಪಾಡು. ಸ್ಲ್ಯಾಬಿನ ಮೇಲೆ ಗಾರೆಯಿಂದ ಸಣ್ಣ ಕಟ್ಟೆಗಳನ್ನು ಕಟ್ಟಿ, ತರಕಾರಿ ಮಡಿಗೆ ನೀರು ನಿಲ್ಲಿಸಿದ ಹಾಗೆ ನಿಲ್ಲಿಸಬೇಕು. ಎತ್ತಿನ ಗಾಡಿಯಲ್ಲಿ ಡ್ರಮ್ಮುಗಟ್ಟಲೆ ನೀರು ಬರುತ್ತಿತ್ತು. ಹೆಂಗಸರು ಕೊಡದಲ್ಲಿ ಹೊತ್ತು ಮೇಲೆ ಸುರಿಯುತ್ತಿದ್ದರು. ಬಾವಿಗೆ ಹೋಗುವ ಜನ ನಿಂತು ನೋಡಿ, "ನಮಗೆ ಕುಡಿಯಾಕೆ ನೀರಿಲ್ಲ, ಇವ್ರು ಕಲ್ಲಿಗೆ ಕುಡಿಸ್ತಾರೆ" ಎಂದು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಕೋಪಕ್ಕಿಂತ ತಮಾಷೆಯೇ ಹೆಚ್ಚಿತ್ತು. ಟ್ಯಾಂಕು ಬೇಕೆಂಬುದು ಎಲ್ಲರಿಗೂ ಇತ್ತು.

ಅದೇ ವಾರ ಬಸ್ ನಿಲ್ದಾಣಕ್ಕೆ ಮಂತ್ರಿಗಳಿಂದ ಶಂಕುಸ್ಥಾಪನೆ ಎಂದು ಗೊತ್ತಾಯಿತು. ಮದುವೆಯ ಲಗ್ನಗಳ ಕಾಲ. ದಾವಣಗೆರೆಯ ಶಾಮಿಯಾನದವರಲ್ಲಿ ಯಾರಿಗೂ ಬಿಡುವಿರಲಿಲ್ಲ. ಆ ಊರಿನಲ್ಲಿ ಹಿಂದಿನಿಂದ ನಡೆದುಬಂದ ಒಂದು ಪದ್ಧತಿ ಇತ್ತು. ಊರ ಕಾರ್ಯಕ್ಕೆ ಚಪ್ಪರ ಹಾಕಬೇಕಾದರೆ ಮನೆಗೊಂದು ಗಳ ಕೊಡಬೇಕು. ಬಡವರು ದನದ ಕೊಟ್ಟಿಗೆಯದನ್ನಾದರೂ ಕಿತ್ತು ಕೊಡುತ್ತಿದ್ದರು. ಕಾರ್ಯ ಮುಗಿದ ಮೇಲೆ ಅವರವರ ಗಳ ಅವರವರ ಮನೆಗೆ ವಾಪಸು. ಕೊಡುವುದಿಲ್ಲ ಎಂದವರ ಮನೆಯ ಕಾರ್ಯಕ್ಕೆ ಊರವರು ಕಾಲಿಡುತ್ತಿರಲಿಲ್ಲ. ಆ ಸಲವೂ ಗಳಗಳು ಬಂದು ಸ್ಕೂಲಿನ ಬಯಲಿನಲ್ಲಿ ಬಿದ್ದವು. ಆದರೆ ಹೆಚ್ಚಿನವು ಗಿಡ್ಡ. ಮಂತ್ರಿಗಳ ಚಪ್ಪರ ಎತ್ತರವಾಗಿರಬೇಕು, ಹೊನ್ನಾಳಿಯಲ್ಲಿ ಹಾಕಿದ್ದಕ್ಕಿಂತ ಎತ್ತರ ಆಗಬೇಕು ಎಂದು ಅಧ್ಯಕ್ಷರ ಮನಸ್ಸಿನಲ್ಲಿತ್ತು.

ಪುರಸಭೆಯ ಅಧ್ಯಕ್ಷರು ಕೆಟ್ಟ ಮನುಷ್ಯರೆಂದು ನಾನು ಹೇಳಲಾರೆ. ಟ್ಯಾಂಕು ಮಂಜೂರಾಗಲಿ ಎಂದು ಬೆಂಗಳೂರಿಗೆ ಅಲೆದವರು ಅವರೇ. ಒಂದು ಬೆಳಿಗ್ಗೆ ನಾಲ್ಕು ಜನರ ಜೊತೆ ಬಂದು ಟ್ಯಾಂಕಿನ ಕೆಳಗೆ ನಿಂತು ಗಳಗಳನ್ನು ನೋಡಿದರು. ನ್ಯಾಮತಿಯ ಗಳ, ನೆಟ್ಟಗೆ, ಉದ್ದವಾಗಿದ್ದವು.

"ಊರಾಗೆ ಮನೆಗೊಂದು ಗಳ ಕೊಟ್ಟಾರೆ. ಪುರಸಭೆನೂ ಒಂದು ಮನೆನೇ ಅಲ್ವಾ ಇನ್‌ಸ್ಪೆಕ್ಟ್ರೇ?" ಎಂದರು.

ನಾನು ಸ್ಲ್ಯಾಬು ಹಾಕಿ ಇನ್ನೂ ವಾರವಾಗಿಲ್ಲ, ಒಂದನ್ನೂ ತೆಗೆಯುವಂತಿಲ್ಲ ಎಂದೆ. ಅವರು ನಕ್ಕರು. "ಎಲ್ಲಾ ಎಲ್ಲಿ ಕೇಳಿದೆ? ಒಂದು ಬಿಟ್ಟು ಒಂದು ಕೊಡ್ರಿ. ಚಪ್ಪರದಾಗೆ ನಾವು ಹಂಗೇ ಅಲ್ವಾ ಹಾಕೋದು? ಯಾವತ್ತು ಬಿದ್ದೈತೆ?"

ಭಾವ ಅಟ್ಟಣೆಯ ಮೇಲಿನಿಂದಲೇ ಉತ್ತರ ಕೊಟ್ಟರು. "ಚಪ್ಪರ ಹೊರೋದು ಮಾವಿನ ತೊಪ್ಪಲು ಸ್ವಾಮಿ. ಇದು ಮೈತುಂಬ ಕಬ್ಬಿಣ ಇಟ್ಕಂಡೈತೆ."

ಜೊತೆಗೆ ಬಂದವರು ನಕ್ಕರು. ಅಧ್ಯಕ್ಷರು ನಗಲಿಲ್ಲ. ನಿಮ್ಮ ಭಾವನಿಗೆ ಮಾತು ಜಾಸ್ತಿ ಎಂದು ನನಗೆ ಹೇಳಿ ಹೋದರು. ನಾನು ಅದೇ ದಿನ ಇಂಜಿನಿಯರ ಬಳಿ ಹೋದೆ. ಅವರು ಒಳ್ಳೆಯ ಓದಿನವರು, ಹೆಚ್ಚು ಮಾತಿನವರಲ್ಲ. ಅಧ್ಯಕ್ಷರಿಗೆ ತಿಳಿಸಿ ಹೇಳುತ್ತೇನೆ ಎಂದರು. ಹೇಳಿಯೂ ಹೇಳಿದರು. ಅಧ್ಯಕ್ಷರು ಆಗಲಿ ಬಿಡಿ ಎಂದರಂತೆ. ವಿಷಯ ಅಲ್ಲಿಗೆ ಮುಗಿಯಿತು ಎಂದು ನಾವೆಲ್ಲ ತಿಳಿದೆವು.

ಶಂಕುಸ್ಥಾಪನೆಗೆ ಎರಡು ದಿನ ಮುಂಚೆ ನಾನು ಹೊನ್ನಾಳಿಗೆ ಹೋಗಬೇಕಾಯಿತು. ಟ್ಯಾಂಕಿನ ಗೋಡೆಗೆ ಬೇಕಾದ ಮರಳಿನ ಲಾರಿಗಳನ್ನು ಹೊಳೆಯ ಹತ್ತಿರ ತಡೆದಿದ್ದರು. ನನ್ನನ್ನು ಬೇಕೆಂದೇ ಕಳಿಸಿದರು ಎಂದು ಆಮೇಲೆ ಕೆಲವರು ಹೇಳಿದರು. ನನಗೆ ಹಾಗೆ ಅನಿಸುವುದಿಲ್ಲ. ಮರಳು ನಿಜಕ್ಕೂ ನಿಂತಿತ್ತು. ಆ ದಿನ ಅಲ್ಲೇ ಉಳಿದು, ಲಾರಿಗಳನ್ನು ಬಿಡಿಸಿ, ಮಾರನೆಯ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆ. ಬಸ್ಸು ಊರ ಬಾಗಿಲಿಗೆ ಬಂದಾಗ ಟ್ಯಾಂಕಿನ ಕಡೆ ಜನ ಓಡುತ್ತಿದ್ದರು. ಕಂಡಕ್ಟರ್ ತಲೆ ಹೊರಗೆ ಹಾಕಿ ಕೇಳಿ, ಟ್ಯಾಂಕ್ ಬಿತ್ತಂತೆ ಎಂದ.

ಟ್ಯಾಂಕು ಪೂರ್ತಿ ಬಿದ್ದಿರಲಿಲ್ಲ. ಆರು ಕಂಬಗಳೂ ನಿಂತಿದ್ದವು. ತಳದ ಸ್ಲ್ಯಾಬಿನ ಮೂಡಣ ಅರ್ಧ ಕಂಬಿಗಳನ್ನು ಹಿಡಿದುಕೊಂಡೇ ಜೋತುಬಿದ್ದು, ಅಟ್ಟಣೆಯನ್ನು ಮುರಿದುಕೊಂಡು ಕೆಳಗೆ ಬಂದಿತ್ತು. ಪಡುವಣ ಅರ್ಧ ಮೇಲೆಯೇ ಇತ್ತು. ಭಾವ ಎರಡನೆಯ ಅಂತಸ್ತಿನಲ್ಲಿದ್ದರಂತೆ. ಅವರನ್ನು ಹೊರಗೆ ತೆಗೆಯಲು ಸಂಜೆಯಾಯಿತು.

ನಡೆದದ್ದನ್ನು ನನಗೆ ಹೇಳಿದವಳು ಸ್ಲ್ಯಾಬಿಗೆ ನೀರು ಹಾಕುತ್ತಿದ್ದ ಹೆಂಗಸು. ಅವಳು ಅದೇ ಊರಿನವಳು. ಬೆಳಿಗ್ಗೆ ಭಾವ ತಂತಿ ತರಲೆಂದು ಗುತ್ತಿಗೆದಾರರ ಉಗ್ರಾಣಕ್ಕೆ ಹೋಗಿದ್ದರು. ಆ ಹೊತ್ತಿಗೆ ಪುರಸಭೆಯ ಗಾಡಿ ಬಂತು. ಬಂದವರು ಜಗಳವಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ನೆಲದ ಮೇಲಿನ ಸಾಲಿನಲ್ಲಿ ಸುತ್ತಲೂ ಒಂದು ಬಿಟ್ಟು ಒಂದು ಗಳ ತೆಗೆದರು. ತೆಗೆದ ಬೆಣೆಗಳನ್ನು ಬೇಲಿಯ ಪಕ್ಕ ಒಪ್ಪವಾಗಿ ಗುಡ್ಡೆ ಹಾಕಿದರು, ಮಂತ್ರಿಗಳು ಹೋದ ಮೇಲೆ ಗಳಗಳನ್ನು ತಂದು ಮತ್ತೆ ನಿಲ್ಲಿಸಬೇಕಲ್ಲ ಎಂದು. ಮೇಲಿದ್ದ ಹೆಂಗಸರಿಗೆ, "ನೀವು ನೀರು ಹಾಕ್ರವ್ವ, ನಾಳೀಕೆ ತಂದು ಕೊಡ್ತೀವಿ" ಎಂದು ಹೇಳಿ ಹೋದರಂತೆ. ಆ ಬೆಣೆಗಳ ಗುಡ್ಡೆಯನ್ನು ನಾನೇ ನೋಡಿದೆ. ಗಳ ಕೊಟ್ಟ ಮನೆಯ ವಸ್ತುವನ್ನು ಎಷ್ಟು ಜೋಪಾನ ಮಾಡಬೇಕೋ ಅಷ್ಟು ಜೋಪಾನ ಮಾಡಿದ್ದರು.

ಭಾವ ಬಂದು ನೋಡಿದಾಗ ಸ್ಲ್ಯಾಬಿನ ಅಡಿಯ ಹಲಗೆಗಳು ಮೂಡಣ ಬದಿಯಲ್ಲಿ ಬಾಗಿದ್ದವು. ಅವರು ಕೂಗಾಡಲಿಲ್ಲವಂತೆ. ಮೊದಲು ಮೇಲಿನ ಹೆಂಗಸರಿಗೆ, "ಕಟ್ಟೆ ಒಡೆದು ನೀರು ಬಿಡ್ರವ್ವ, ಆಮೇಲೆ ಇಳೀರಿ, ಒಬ್ಬೊಬ್ರೇ ಇಳೀರಿ" ಎಂದರು. ಅವರು ಸಲಿಕೆಯಿಂದ ಕಟ್ಟೆ ಕಡಿದು ನೀರು ಬಿಟ್ಟು ಇಳಿದರು. ಒಬ್ಬ ಆಳನ್ನು ಚಪ್ಪರದ ಹತ್ತಿರ ಓಡಿಸಿ ಗಳಗಳನ್ನು ಈಗಲೇ ವಾಪಸು ತರಿಸಿರಿ ಎಂದು ಹೇಳಿ ಕಳಿಸಿದರು. ಆಳು ಬರಿಗೈಯಲ್ಲಿ ಬಂದ. ಅಧ್ಯಕ್ಷರು ಊಟಕ್ಕೆ ಹೋಗಿದ್ದಾರೆ, ಅವರನ್ನು ಕೇಳದೆ ನೆಟ್ಟ ಗಳ ಕೀಳಲು ಬರುವುದಿಲ್ಲ ಎಂದು ಚಪ್ಪರದವರು ಹೇಳಿದ್ದರು. ಭಾವ ಟ್ಯಾಂಕಿನ ಬಳಿ ಬಿದ್ದಿದ್ದ ಗಿಡ್ಡ ಗಳಗಳಿಗೆ ತುಂಡು ಜೋಡಿಸಿ ಕೆಳಗೆ ನಾಲ್ಕು ಕಡೆ ಆಸರೆ ಕೊಟ್ಟರು. ಹೊಸ ಬೆಣೆಗಳನ್ನು ಕೆತ್ತಿಕೊಂಡು, ಸಡಿಲಾಗಿದ್ದ ಎರಡನೆಯ ಸಾಲನ್ನು ಬಿಗಿಮಾಡಲು ಮೇಲೆ ಹತ್ತಿದರು. ಜೊತೆಗೆ ಹತ್ತಲು ಹೋದ ಆಳಿಗೆ ಬೇಡ ಎಂದರು.

ಅವರನ್ನು ಹೊರತೆಗೆದಾಗ ಕೈಯ ಹತ್ತಿರ ಸುತ್ತಿಗೆ ಇತ್ತು. ಸೊಂಟಕ್ಕೆ ಕಟ್ಟಿದ ಟವೆಲ್ಲಿನಲ್ಲಿ ಬೆಣೆಗಳಿದ್ದವು. ಆಗತಾನೇ ಕೆತ್ತಿದ ಬಿಳಿಯ ಬೆಣೆಗಳು.

ಮಾರನೆಯ ದಿನ ಶಂಕುಸ್ಥಾಪನೆ ನಡೆಯಿತು. ನಿಲ್ಲಿಸಲು ಆಗುವುದಿಲ್ಲ, ಮಂತ್ರಿಗಳ ಕಾರ್ಯಕ್ರಮ ಎಂದರು. ಭಾವನ ದೇಹವನ್ನು ಸರ್ಕಾರಿ ಆಸ್ಪತ್ರೆಯಿಂದ ಬಿಡಿಸಿಕೊಳ್ಳಲು ಹೋಗುವಾಗ ನಾನು ಆ ಚಪ್ಪರದ ಪಕ್ಕದಲ್ಲೇ ನಡೆದು ಹೋದೆ. ಗಳಗಳಿಗೆ ಬಣ್ಣದ ಕಾಗದ ಸುತ್ತಿದ್ದರು. ಕಾಗದ ಸಾಲದಿದ್ದ ಕಡೆ ನಮ್ಮ ಸ್ಲ್ಯಾಬಿನಿಂದ ಸೋರಿದ ಸಿಮೆಂಟಿನ ಹಾಲು ಬಿಳಿಯ ಗೆರೆಗಳಾಗಿ ಕಾಣುತ್ತಿತ್ತು. ಧ್ವನಿವರ್ಧಕದಲ್ಲಿ ಮಂತ್ರಿಗಳು, ಕರ್ತವ್ಯದಲ್ಲಿ ಮಡಿದ ಕಾರ್ಮಿಕ ಬಂಧುವಿಗಾಗಿ ಎರಡು ನಿಮಿಷ ಎದ್ದು ನಿಲ್ಲೋಣ ಎಂದರು. ಜನ ಎದ್ದು ನಿಂತ ಸದ್ದು ಕೇಳಿಸಿತು. ನಾನು ನಿಲ್ಲಲಿಲ್ಲ. ಆಸ್ಪತ್ರೆಯವರು ಮಧ್ಯಾಹ್ನದ ಮೇಲೆ ಬಾಗಿಲು ಹಾಕುತ್ತಿದ್ದರು.

ಭಾವನ ತಿಥಿ ಮುಗಿಸಿ ಕೆಲಸಕ್ಕೆ ಬಂದ ದಿನ ಅಧ್ಯಕ್ಷರು ಕರೆಸಿದರು. ಇಂಜಿನಿಯರೂ ಗುತ್ತಿಗೆದಾರರೂ ಅಲ್ಲಿದ್ದರು. ಅಧ್ಯಕ್ಷರ ಕಣ್ಣು ಕೆಂಪಗಿತ್ತು, ಅವರೂ ನಿದ್ದೆ ಮಾಡಿರಲಿಲ್ಲ ಅನಿಸುತ್ತದೆ. ವಿಚಾರಣೆಗೆ ಜಿಲ್ಲೆಯಿಂದ ಒಬ್ಬ ದೊಡ್ಡ ಇಂಜಿನಿಯರು ಬರುವವರಿದ್ದರು. ಅಷ್ಟರಲ್ಲಿ ನಮ್ಮವರು ಒಂದು ವರದಿ ತಯಾರಿಸಿದ್ದರು. ಬೇರೆ ಕೆಲಸಕ್ಕೆ ಗಳ ಬೇಕಾಗಿ ಮೇಸ್ತ್ರಿ ಅವಧಿಗೆ ಮುಂಚೆ ಮೂಡಣ ಬದಿಯ ಸೆಂಟ್ರಿಂಗ್ ಬಿಚ್ಚಿಸಿದ, ಅದರಿಂದ ಅಷ್ಟು ಭಾಗ ಕುಸಿಯಿತು, ಉಳಿದ ಅರ್ಧ ಸುಭದ್ರವಾಗಿದೆ ಎಂದು ಅದರಲ್ಲಿತ್ತು. ವರ್ಕ್ ಇನ್‌ಸ್ಪೆಕ್ಟರ್ ಆಗಿ ನಾನು ಅದನ್ನೇ ಹೇಳಬೇಕು.

"ಹೋದೋನು ನಮಗೂ ಬೇಕಾದೋನೇ," ಎಂದರು ಅಧ್ಯಕ್ಷರು. "ಯಾರೂ ಬೇಕಂತ ಮಾಡಿಲ್ಲ. ನಿಮ್ಮ ಅಕ್ಕಾರನ್ನ ಪುರಸಭೆ ಶಿಶುವಿಹಾರಕ್ಕೆ ಆಯಾ ಮಾಡ್ತೀನಿ. ಕಾಯಂ ಕೆಲಸ. ನಾ ಇರಾತನಕ ಯಾರೂ ತಗೀದಂಗೆ ಮಾಡಿ ಕೊಡ್ತೀನಿ. ಇನ್ನೇನು ಮಾಡಾಕೆ ಆಗ್ತೈತೆ ನನ್ನ ಕೈಲಿ, ನೀವೇ ಹೇಳ್ರಿ."

ನಾನು ಇಂಜಿನಿಯರನ್ನು ನೋಡಿದೆ. ಅವರು ಮೇಜಿನ ಮೇಲೆ ಹರಡಿದ್ದ ನಕ್ಷೆಯನ್ನು ನೋಡುತ್ತಿದ್ದರು. ಉಳಿದ ಅರ್ಧಕ್ಕೆ ಹೊಸ ಅರ್ಧವನ್ನು ಎಲ್ಲಿ ಸೇರಿಸಬೇಕು ಎಂದು ಅದರಲ್ಲಿ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

ಆ ಗೆರೆ ನೋಡಿದ ಮೇಲೆ ನಾನು ಟ್ಯಾಂಕಿನ ಹತ್ತಿರ ಹೋದೆ. ಪಡುವಣ ಭಾಗದ ಅಟ್ಟಣೆ ಇನ್ನೂ ಇತ್ತು. ಹುಷಾರಾಗಿ ಹತ್ತಿ, ಎರಡು ಹಲಗೆ ಸರಿಸಿ ಸ್ಲ್ಯಾಬಿನ ಅಡಿ ನೋಡಿದೆ. ಕಂಬದ ಹತ್ತಿರದಿಂದ ನಡುವಿನ ಕಡೆಗೆ ಕೂದಲೆಳೆಯಷ್ಟು ತೆಳುವಾದ ಬಿರುಕುಗಳು ಹೊರಟಿದ್ದವು. ಗಳಗಳನ್ನು ಸುತ್ತಲೂ ತೆಗೆದಿದ್ದರು. ಒಂದು ಬದಿ ಬಿತ್ತು, ಇನ್ನೊಂದು ಬದಿ ಬೀಳದೆ ಉಳಿಯಿತು, ಅಷ್ಟೆ. ಹಸಿಯಾಗಿದ್ದಾಗ ಹೀಗೆ ಜಗ್ಗಿದ ಸ್ಲ್ಯಾಬಿಗೆ ಹೊಸ ಅರ್ಧ ಅಂಟಿಸಿ ಮೇಲೆ ನೀರು ತುಂಬಿದರೆ ಸೋರುತ್ತದೆ. ಸೋರಿದರೆ ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ. ಬೀಳುವುದು ಐದು ವರ್ಷಕ್ಕೋ ಹದಿನೈದು ವರ್ಷಕ್ಕೋ ಹೇಳಲು ಬರುವುದಿಲ್ಲ. ಟ್ಯಾಂಕಿನ ಪಕ್ಕದಲ್ಲೇ ನೀರಿಗೆ ಸಾಲು ನಿಲ್ಲುವ ಜಾಗ ಇತ್ತು.

ಇಂಜಿನಿಯರಿಗೆ ಬಿರುಕಿನ ವಿಷಯ ಹೇಳಿದೆ. ಗಾರೆ ಮಾಡಿದರೆ ಮುಚ್ಚಿಹೋಗುತ್ತದೆ ಎಂದರು. ಆಮೇಲೆ, "ಪೂರ್ತಿ ಒಡೆಸಬೇಕು ಅಂದರೆ ಎಲ್ಲಾ ಕಡೆಯಿಂದ ಗಳ ತೆಗೆದರು ಅಂತ ಬರೆಯಬೇಕಾಗುತ್ತದೆ. ಯಾರು ತೆಗೆದರು ಅನ್ನೋ ಪ್ರಶ್ನೆ ಬರುತ್ತದೆ. ನನಗೂ ಮಕ್ಕಳಿದ್ದಾರೆ" ಎಂದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಂಥ ಸ್ಲ್ಯಾಬು ಮುಂದೆ ಏನಾಗುತ್ತದೆ ಎಂದು ಅಧ್ಯಕ್ಷರಿಗೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು.

ಆ ಭಾನುವಾರ ಸಂತೇಬೆನ್ನೂರಿಗೆ ಹೋದೆ. ಆಯಾ ಕೆಲಸದ ಸುದ್ದಿ ಅಕ್ಕನಿಗೆ ನನಗಿಂತ ಮುಂಚೆ ತಲುಪಿತ್ತು. ಗುತ್ತಿಗೆದಾರರು ಯಾರ ಕೈಯಲ್ಲೋ ಹೇಳಿ ಕಳಿಸಿದ್ದರು. ಮಗಳು ಇನ್ನೂ ನಾಲ್ಕು ತುಂಬದ ಕೂಸು, ಅವಳ ಮಡಿಲಲ್ಲಿ ಮಲಗಿತ್ತು. ನಾನು ಸ್ಲ್ಯಾಬಿನ ಬಿರುಕು, ನಕ್ಷೆಯ ಗೆರೆ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಅವ್ರು ಗಳ ಕಿತ್ತಿಲ್ಲ ಅಕ್ಕ," ಎಂದೆ.

"ನಂಗೆ ಗೊತ್ತಿಲ್ಲೇನೋ?" ಎಂದಳು. "ಮನ್ಯಾಗೆ ಮಂಚದ ಕಾಲು ಅಲ್ಲಾಡಿದ್ರೆ ಉಣ್ಣಾಕೆ ಕೂರದೆ ಬೆಣೆ ಹುಡುಕೋ ಮನುಷ್ಯ."

ಆಮೇಲೆ ಮಗುವಿನ ತಲೆ ಸವರುತ್ತಾ ಹೇಳಿದಳು. "ಸತ್ತೋರ ಮ್ಯಾಲೆ ತಪ್ಪು ಹೊರಿಸಿದ್ರೆ ಅವ್ರು ಎದ್ದು ಬಂದು ಯಾಕೆ ಅಂತ ಕೇಳಾದಿಲ್ಲ. ಇದು ಕೇಳ್ತೈತೆ. ದಿನಾ ಹೊತ್ತು ಹುಟ್ಟಿದ್ರೆ ಕೂಳು ಕೇಳ್ತೈತೆ. ಅವ್ರು ಹೇಳಿದಂಗೆ ಹೇಳಿಬಿಡು ತಮ್ಮ. ನಾ ಅವ್ರ ಹೆಸರಾಗೆ ಬೇರೆ ಏನೂ ಕೇಳಾದಿಲ್ಲ ನಿನ್ನ."

ನನ್ನ ಸಂಬಳದಲ್ಲಿ ನಿಮ್ಮಿಬ್ಬರನ್ನೂ ನೋಡಿಕೊಳ್ಳುತ್ತೇನೆ ಎಂದೆ. ಅವಳು ನನ್ನ ಹೆಂಡತಿಯ ಹೆಸರು ಹೇಳಿ, ಅವಳನ್ನು ಕೇಳಿಕೊಂಡು ಬಂದೆಯಾ ಎಂದಳು. ನಾನು ಕೇಳಿರಲಿಲ್ಲ. "ತಮ್ಮನ ಮನೆ ಅನ್ನ ಎಷ್ಟು ದಿನ ಬಿಸಿ ಇರ್ತೈತೆ ಅಂತ ನಂಗೂ ಗೊತ್ತೈತೆ" ಎಂದು ಎದ್ದು ಹೋಗಿ ನನಗೆ ಕಾಫಿ ಮಾಡಿಕೊಟ್ಟಳು. ನಾನು ಒಪ್ಪಿದೆ ಎಂದು ತಿಳಿದಳೋ ಏನೋ. ಬಸ್ಸಿನಲ್ಲಿ ಕೂತಾಗ ನಾನೂ ಒಪ್ಪಿದ್ದೇನೆ ಎಂದುಕೊಂಡಿದ್ದೆ.

ವಿಚಾರಣೆ ಪ್ರವಾಸಿ ಮಂದಿರದಲ್ಲಿ ನಡೆಯಿತು. ನೀರು ಹಾಕುತ್ತಿದ್ದ ಹೆಂಗಸನ್ನು ನನಗಿಂತ ಮುಂಚೆ ಕರೆದರು. ಅವಳು ತಾನು ಆ ದಿನ ಕೆಲಸಕ್ಕೇ ಬಂದಿರಲಿಲ್ಲ ಎಂದಳು. ಹೊರಗೆ ಬಂದು ನನ್ನ ಎದುರು ನಿಂತು, "ನಾವು ಇದೇ ಊರಾಗೆ ಇರೋರು ಸ್ವಾಮಿ" ಎಂದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಭಾವ ಹೇಳಿ ಇಳಿಸಿದ ಹೆಂಗಸರಲ್ಲಿ ಅವಳೂ ಒಬ್ಬಳು, ಅದಂತೂ ನಿಜ.

ನನ್ನನ್ನು ಕರೆದರು. ಜಿಲ್ಲೆಯಿಂದ ಬಂದಿದ್ದ ಅಧಿಕಾರಿ ನಮ್ಮವರ ವರದಿಯನ್ನು ಓದಿ, ಇದು ಸರಿಯೇ ಎಂದು ಕೇಳಿದರು. ಹೌದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೇಜಿನ ಮೇಲೆ ಅದೇ ನಕ್ಷೆ ಇತ್ತು. ಅದೇ ಕೆಂಪು ಗೆರೆ. ಆ ಗೆರೆಯ ಮೇಲೆ ನೀರು ನಿಲ್ಲುವುದಿಲ್ಲ ಎಂದು ನನ್ನ ಬಾಯಿಂದ ಬಂತು. ಒಮ್ಮೆ ಅದು ಬಂದ ಮೇಲೆ ಉಳಿದದ್ದೂ ಬಂತು. ಗಳಗಳನ್ನು ಸುತ್ತಲೂ ಒಂದು ಬಿಟ್ಟು ಒಂದು ತೆಗೆದದ್ದು, ಅವು ಚಪ್ಪರಕ್ಕೆ ಹೋದದ್ದು, ಅವುಗಳ ಮೇಲಿನ ಸಿಮೆಂಟಿನ ಗೆರೆ, ಬೇಲಿಯ ಪಕ್ಕದ ಬೆಣೆಗಳ ಗುಡ್ಡೆ. ಗಳ ಬಿಚ್ಚುವವನು ಹಾರೆ ಹಿಡಿದು ಹತ್ತುತ್ತಾನೆ, ಹೊಸ ಬೆಣೆ ಕಟ್ಟಿಕೊಂಡು ಹತ್ತುವುದಿಲ್ಲ ಎಂದೆ. ಉಳಿದ ಅರ್ಧದ ಮೇಲೆ ಗಾರೆಯ ಕಟ್ಟೆಯನ್ನು ಸಲಿಕೆಯಿಂದ ಕಡಿದು ನೀರು ಬಿಟ್ಟ ಗುರುತಿದೆ, ಹತ್ತಿ ನೋಡಿ ಎಂದೆ.

"ಮೃತರು ನಿಮಗೆ ಏನಾಗಬೇಕು?" ಎಂದು ಅಧಿಕಾರಿ ಕೇಳಿದರು. ಭಾವ ಎಂದೆ. ಅವರು ಅದನ್ನು ಬರೆದುಕೊಂಡರು. ನನ್ನ ಹೇಳಿಕೆಯ ಬೆಲೆ ಅಲ್ಲಿಗೆ ಎಷ್ಟು ಇಳಿಯಿತು ಎಂದು ಅವರ ಮುಖದಲ್ಲೇ ಕಂಡಿತು. ಆದರೂ ಆ ಮನುಷ್ಯ ಅಟ್ಟಣೆ ಹತ್ತಿದರು. ಬಿರುಕುಗಳನ್ನು ನೋಡಿದರು, ಕಡಿದ ಕಟ್ಟೆಯನ್ನೂ ನೋಡಿದರು. ಇಳಿದು ಬಂದು ಜೀಪು ಹತ್ತಿದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಆದೇಶ ಬಂತು. ತಳದ ಸ್ಲ್ಯಾಬನ್ನು ಪೂರ್ತಿ ಒಡೆದು ಹೊಸದಾಗಿ ಹಾಕಬೇಕು. ಅಷ್ಟರ ಮಟ್ಟಿಗೆ ನನ್ನ ಮಾತು ಗೆದ್ದಿತು. ಗಳಗಳನ್ನು ಯಾರು ತೆಗೆದರು ಎಂಬುದು ಸಾಬೀತಾಗಿಲ್ಲ, ಘಟನೆ ಆಕಸ್ಮಿಕ. ಮೃತನು ಗುತ್ತಿಗೆದಾರನ ಆಳು, ಪುರಸಭೆಗೆ ಸಂಬಂಧವಿಲ್ಲ. ತಪ್ಪು ಭಾವನ ಮೇಲೂ ಬರಲಿಲ್ಲ, ಇನ್ನೊಬ್ಬರ ಮೇಲೂ ಬರಲಿಲ್ಲ. ಊರಿನಲ್ಲಿ ಮಾತ್ರ ಜನ ಆಡುವುದನ್ನು ಬಿಡಲಿಲ್ಲ. ಅಕ್ಕನ ಗಂಡ ಮಾಡಿದ ಎಡವಟ್ಟನ್ನು ಮುಚ್ಚಲು ಇನ್‌ಸ್ಪೆಕ್ಟರು ಊರ ಚಪ್ಪರದ ಮೇಲೆ ಹಾಕಿದ, ಮನೆಗೊಂದು ಗಳ ಕೊಟ್ಟವರಿಗೆಲ್ಲ ಕೊಲೆಗಾರರೆಂದ ಎನ್ನುತ್ತಿದ್ದರು. ಅಧ್ಯಕ್ಷರು ನನ್ನ ಜೊತೆ ಮಾತು ಬಿಟ್ಟರು. ಶಿಶುವಿಹಾರಕ್ಕೆ ಬೇರೊಬ್ಬ ಹೆಂಗಸು ಆಯಾ ಆಗಿ ಬಂದಳು.

ಹಳೆಯ ಸ್ಲ್ಯಾಬು ಒಡೆಯುವಾಗ ನಾನೇ ಮುಂದೆ ನಿಂತಿದ್ದೆ. ಪಡುವಣ ಅರ್ಧ ಚಮ್ಮಟಿಗೆಯ ಪೆಟ್ಟಿಗೆ ಬಿರುಕಿನ ಜಾಡಿನಲ್ಲೇ ತುಂಡುತುಂಡಾಯಿತು. ಹೊಸ ಸ್ಲ್ಯಾಬಿಗೆ ಬೇರೆ ಮೇಸ್ತ್ರಿ ಬಂದ. ಬೇಲಿಗೆ ಮುಳ್ಳುತಂತಿ ಹಾಕಿಸಿ, ಮೂರು ವಾರ ನಾನೇ ಅಲ್ಲಿ ಬೀಡುಬಿಟ್ಟೆ. ಟ್ಯಾಂಕು ಮುಗಿದು, ನೀರು ತುಂಬಿಸಿ ಪರೀಕ್ಷೆ ಮಾಡಿದಾಗ ಅಡಿಯಲ್ಲಿ ಒಂದು ಹನಿ ಜಿನುಗಲಿಲ್ಲ. ಇಂಜಿನಿಯರು ಕೈ ಕುಲುಕಲು ಬಂದರು. ನಾನು ಕೈಗೆಲ್ಲ ಸುಣ್ಣವಾಗಿದೆ ಎಂದೆ. ಮುಂದೆ ವರ್ಗಕ್ಕೆ ಅರ್ಜಿ ಹಾಕಿ ಹೊನ್ನಾಳಿ ಕಡೆಗೆ ಹೋದೆ. ಟ್ಯಾಂಕು ಈಗಲೂ ನಿಂತಿದೆ, ಊರು ಅದರ ನೀರು ಕುಡಿಯುತ್ತದೆ.

ಅಕ್ಕ ಸಂತೇಬೆನ್ನೂರಿನಲ್ಲೇ ಉಳಿದಳು. ಅಡಿಕೆ ಸುಲಿಯುವ ಕಾಲದಲ್ಲಿ ಸುಲಿಯಲು, ಉಳಿದ ಕಾಲದಲ್ಲಿ ಸಿಕ್ಕ ಕೂಲಿಗೆ ಹೋದಳು. ನಾನು ಕೊಟ್ಟದ್ದನ್ನು ಕೆಲವು ಸಲ ತೆಗೆದುಕೊಂಡಳು, ಹಲವು ಸಲ ಇಲ್ಲ. ನನ್ನ ಹೆಂಡತಿ ಮುಖ ಗಂಟಿಕ್ಕಿದ್ದು ಅವಳಿಗೆ ಕಾಣದೆ ಇರಲಿಲ್ಲ. ನೀನು ಹೀಗೇಕೆ ಮಾಡಿದೆ ಎಂದು ಅಕ್ಕ ಒಮ್ಮೆಯೂ ಕೇಳಲಿಲ್ಲ. ಜಗಳ ಮಾಡಿದ್ದರೆ ಚೆನ್ನಾಗಿತ್ತು. ಎಷ್ಟೋ ವರ್ಷಗಳ ಮೇಲೆ, ಮಗಳ ಮದುವೆಯ ಮಾತು ನಡೆಯುತ್ತಿದ್ದಾಗ, ಇದ್ದಕ್ಕಿದ್ದಂತೆ, ಆ ಶಿಶುವಿಹಾರದ ಆಯಾ ಹೆಸರೇನು ಎಂದು ಕೇಳಿದಳು. ಹೇಳಿದೆ. ಆಕೆಗೆ ಪಿಂಚಣಿ ಬರುತ್ತದೆಯೇ ಎಂದಳು. ಬರುತ್ತದೆ ಎಂದೆ. ಮತ್ತೆ ಮದುವೆಯ ಮಾತಿಗೇ ಹೋದಳು.

ಬರೆಯುತ್ತಾ ಕೂತಾಗ ನನಗೆ ನಾನೇ ಕೇಳಿಕೊಳ್ಳುತ್ತೇನೆ. ಆ ದಿನ ನಾನು ಬಾಯಿ ಬಿಟ್ಟದ್ದು ಭಾವನ ಹೆಸರಿಗಾಗಿಯೋ, ಆ ಸ್ಲ್ಯಾಬಿಗಾಗಿಯೋ? ಸ್ಲ್ಯಾಬಿಗಾಗಿ ಎಂದೇ ಅನಿಸುತ್ತದೆ. ಮತ್ತೆ ಅದೇ ಮೇಜಿನ ಮುಂದೆ ಕೂರಿಸಿದರೂ ಅದನ್ನೇ ಹೇಳುತ್ತೇನೆ. ಇದನ್ನು ಅಕ್ಕನಿಗೆ ಹೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ. ಕೂಳಿಗೆ ದಾರಿ ಮಾಡಿಕೊಡು ಎಂದು ಕೇಳಿದವಳಿಗೆ, ಒಂದು ಊರಿನ ನೀರಿನ ಲೆಕ್ಕ ಹೇಳುವುದು ಹೇಗೆ?

ಹೋದ ತಿಂಗಳು ಅವಳ ತಿಥಿಯ ದಿನ, ಪೂಜೆ ಮುಗಿದ ಮೇಲೆ, ಸೊಸೆ ಬಂದು ನನ್ನ ಪಕ್ಕ ಕೂತಳು. ಸೊಸೆ ಎಂದರೆ ಅಕ್ಕನ ಮಗಳು, ಅಂದು ಮಡಿಲಲ್ಲಿ ಮಲಗಿದ್ದ ಆ ಕೂಸು. ಈಗ ಅವಳಿಗೇ ಬೆಳೆದ ಮಕ್ಕಳಿದ್ದಾರೆ. ನೆಂಟರ ಹೆಂಗಸರು ಅಕ್ಕ ಪಟ್ಟ ಕಷ್ಟದ ಮಾತಾಡುತ್ತಿದ್ದರು. ಸರ್ಕಾರದವರು ಏನೂ ಕೊಡಲಿಲ್ಲವೇ ಎಂದು ಯಾರೋ ಕೇಳಿದರು.

"ಕೊಡಾಕೆ ಬಂದಿದ್ರು," ಎಂದಳು ಸೊಸೆ. "ಅಪ್ಪನ ಮ್ಯಾಲೆ ತಪ್ಪು ಬರೀರಿ, ಆಯಾ ಕೆಲ್ಸ ಕೊಡ್ತೀವಿ ಅಂದ್ರಂತೆ. ಅವ್ವನೇ ಬ್ಯಾಡ ಅಂದ್ಲು. ಹೋಗಿ ಇದ್ದಿದ್ದು ಇದ್ದಂಗೆ ಹೇಳಿ ಬಾ ಅಂತ ಮಾವನ್ನ ತಾನೇ ಕಳಿಸಿದ್ಲಂತೆ. ನಾ ಸಣ್ಣಾಕಿ ಇದ್ದಾಗಿಂದ ಹೇಳ್ತಿದ್ಲು. ನಂಗೆ ಸ್ಕೂಲಿನಾಗೆ ಯಾರಾನ ಏನಾನ ಅಂದ್ರೆ ಇದನ್ನೇ ಹೇಳ್ತಿದ್ಲು."

ಹೆಂಗಸರು ನನ್ನ ಕಡೆ ತಿರುಗಿದರು. ಸೊಸೆಯೂ ತಿರುಗಿ, "ಹೌದಲ್ಲ ಮಾವ?" ಎಂದಳು.

"ಹೌದವ್ವ," ಎಂದೆ. "ಅವಳೇ ಕಳಿಸಿದ್ದು."

ಒಳಗಿನಿಂದ ಊಟಕ್ಕೆ ಕರೆದರು. ಸೊಸೆ ಎದ್ದು ಎಲೆ ಹಾಕಲು ಹೋದಳು.